ಹೂಂಗುಟ್ಟುವ ಊರು

ಆ ಊರಿನಲ್ಲಿ ಸತ್ತವರು ಭಾರವಾಗುತ್ತಾರೆ. ಉಸಿರು ನಿಂತ ಗಳಿಗೆಯಿಂದ ದೇಹ ನೆಲ ಕಚ್ಚುತ್ತದೆ. ಬದುಕಿದ್ದಾಗ ಗಾಳಿಗೆ ಹಾರಿಹೋಗುವಂತಿದ್ದ ಮುದುಕರೂ ಅಷ್ಟೇ, ಹಾಲು ಬಿಡದ ಕೂಸುಗಳೂ ಅಷ್ಟೇ. ಹೊರುವವರು ನಾಲ್ಕು ಮೂಲೆ ಹಿಡಿದು ಎತ್ತಿದರೆ ಚಟ್ಟದ ಬಿದಿರು ಬಾಗುತ್ತದೆ, ಹೆಣ ಅಲುಗುವುದಿಲ್ಲ.

ಆಗ ಮನೆಯವರೊಬ್ಬರು ತಲೆಯ ಬಳಿ ಕೂತು ಕಥೆ ಹೇಳಬೇಕು. ಮೊದಲು ಸತ್ತವರ ಕಥೆ, ಆಮೇಲೆ ಅವರನ್ನು ಹೆತ್ತವಳ ಕಥೆ. ಊರೆಲ್ಲ ಅಂಗಳದಲ್ಲಿ ನಿಂತು ಕೇಳಬೇಕು. ಒಂದೊಂದು ಮಾತು ಮುಗಿದಾಗಲೂ ಎಲ್ಲರೂ ಹೂಂ ಅನ್ನಬೇಕು. ಮಕ್ಕಳು ಕಥೆ ಕೇಳುವಾಗ ಅನ್ನುತ್ತಾರಲ್ಲ, ಅದೇ ಹೂಂ. ಊರು ಹೂಂ ಅಂದಷ್ಟೂ ಭಾರ ಇಳಿಯುತ್ತದೆ. ಹೆತ್ತವಳ ಕಥೆ ಮುಗಿಯುವ ಹೊತ್ತಿಗೆ ಹೆಣ ಹಗುರಾಗಿ ಹೊರುವವರ ಹೆಗಲೇರುತ್ತದೆ. ಇಳಿದ ಭಾರ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿದವರಲ್ಲ. ಇಳಿಯಿತಲ್ಲ, ಅಷ್ಟು ಸಾಕಿತ್ತು ಅವರಿಗೆ. ಪ್ರತಿ ಸಾವಿಗೂ ಊರ ಸುತ್ತಲಿನ ಕೋಟೆಯ ಬಡಗಣ ಗೋಡೆ ಮಾತ್ರ ಒಂದಿಷ್ಟು ಕುಸಿಯುತ್ತಿತ್ತು. ಅಲ್ಲಿ ಮಣ್ಣು ಸಡಿಲ ಎಂದು ಹೇಳಿಕೊಳ್ಳುತ್ತಿದ್ದರು.

ಮರುದಿನ ಹೊತ್ತು ಮುಳುಗುವುದರೊಳಗೆ ಹೆಣ ಏಳದಿದ್ದರೆ ಮನೆಗೊಂದು ಕಲ್ಲು ತಂದು ಆ ಮನೆಯ ಬಾಗಿಲು ಮುಚ್ಚಬೇಕು. ಒಳಗೆ ಹೆಣ, ಹೊರಗೆ ಕಲ್ಲು. ಹಾಗೆ ಮುಚ್ಚಿದ ಮನೆ ಊರಿನಲ್ಲಿ ಒಂದೂ ಇರಲಿಲ್ಲ, ಏಕೆಂದರೆ ಎಲ್ಲರ ಬಳಿಯೂ ಕಥೆ ಇತ್ತು.

ಕಥೆಯೇನೋ ಇತ್ತು, ಆದರೆ ಎಲ್ಲರದೂ ಒಂದೇ. ಬರ ಬಿದ್ದ ವರ್ಷ ನಮ್ಮಜ್ಜಿ ಊರಿಗೆಲ್ಲ ಅನ್ನ ಹಾಕಿದಳು ಎಂದು ಮೇಲಿನ ಓಣಿಯವರು ಹೇಳುತ್ತಿದ್ದರು. ಬರ ಬಿದ್ದ ವರ್ಷ ನಮ್ಮಜ್ಜಿ ಊರಿಗೆಲ್ಲ ಅನ್ನ ಹಾಕಿದಳು ಎಂದು ಕೆಳಗಿನ ಓಣಿಯವರೂ ಹೇಳುತ್ತಿದ್ದರು. ಎಲ್ಲರ ಅಜ್ಜಿಯರೂ ಹಾಕಿದವರೇ ಆದರೆ ಉಂಡವರು ಯಾರ ಅಜ್ಜಿಯರು ಎಂದು ಕೇಳುವ ಕಿಡಿಗೇಡಿ ಅಲ್ಲಿ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಅವನ ಮನೆಯಲ್ಲೂ ಯಾರಾದರೂ ಸಾಯಲೇಬೇಕಲ್ಲ, ಬಾಯಿ ಮುಚ್ಚಿಕೊಂಡಿದ್ದಿರಬೇಕು.

ಆ ಬರವನ್ನು ಕಣ್ಣಾರೆ ಕಂಡ ಕೆಲವು ಹಣ್ಣು ಜೀವಗಳು ಇನ್ನೂ ಇದ್ದವು. ಅವರು ಯಾವಾಗಲೂ ಮುಷ್ಟಿ ಕಟ್ಟಿಕೊಂಡೇ ಇರುತ್ತಿದ್ದರು. ಕೊಟ್ಟದ್ದನ್ನು ಸೆರಗಿನಲ್ಲೋ ಪಂಚೆಯ ತುದಿಯಲ್ಲೋ ಈಸಿಕೊಳ್ಳುತ್ತಿದ್ದರು. ಮುಪ್ಪಿಗೆ ಬೆರಳು ಸೆಟೆದುಕೊಳ್ಳುತ್ತವೆ ಎಂದು ಮೊಮ್ಮಕ್ಕಳಿಗೆ ಹೇಳುತ್ತಿದ್ದರು.

ಆ ಊರಿನಲ್ಲಿ ಚಾಪೆ ಹೆಣೆಯುವವಳೊಬ್ಬಳು ಒಂದು ಬೆಳಿಗ್ಗೆ ಅರ್ಧ ಹೆಣೆದ ಚಾಪೆಯ ಮೇಲೆಯೇ ಒರಗಿ ತೀರಿಕೊಂಡಳು. ಅವಳಿಗೆ ಇದ್ದವಳು ಒಬ್ಬಳೇ ಮಗಳು.

ಊರು ಅಂಗಳದಲ್ಲಿ ಸೇರಿತು. ಮಗಳು ಹೊಸ್ತಿಲೊಳಗೆ ತಾಯಿಯ ತಲೆಯ ಬಳಿ ಕೂತಳು.

"ನಮ್ಮವ್ವ ಈಚಲ ಗರಿ ಕೊಯ್ದಳು," ಅಂದಳು.

"ಹೂಂ," ಅಂದಿತು ಊರು.

"ಗರಿ ಸೀಳಿ ಚಾಪಿ ಹೆಣದಳು. ಈ ಊರಾಗ ಹುಟ್ಟಿದ ಕೂಸೆಲ್ಲ ಆಕಿ ಚಾಪಿ ಮ್ಯಾಲೇ ಮಲಗಿದ್ವು."

"ಹೂಂ."

"ಚಾಪಿ ಹೆಣದಳು, ಬುಟ್ಟಿ ಮಾತ್ರ ಹೆಣೀಲಿಲ್ಲ."

ಇಲ್ಲಿ ಊರು ಕೊಂಚ ತಡೆದು ಹೂಂ ಅಂದಿತು. ಆದರೂ ಅಂದಿತು. ಹೆಣ ಚಾಪೆಯಿಂದ ಒಂದು ಎಳೆಯಷ್ಟು ಎದ್ದದ್ದನ್ನು ಹೊರುವವರು ನೋಡಿದರು. ಇನ್ನು ಹೆತ್ತವಳ ಕಥೆ ಎಂದು ಊರ ಹಿರಿಯ ಕೈ ಸನ್ನೆ ಮಾಡಿದ. ಮಗಳು ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ.

ತಾಯಿ ಒಂದು ದಿನವೂ ಹೇಳಿರಲಿಲ್ಲ. ಕೇಳಿದರೆ "ನನ್ನಿಂದಲೇ ಸುರು ಅಂತ ತಿಳಕೋ" ಎಂದು ಗರಿಯತ್ತ ತಿರುಗುತ್ತಿದ್ದಳು. ಮನೆಯ ತೊಲೆಗೆ ಒಂದು ಹಳೆಯ ಬುಟ್ಟಿ ತೂಗುತ್ತಿತ್ತು. ಅದರ ಅಂಚಿಗೆ ಸುತ್ತಲೂ ಹಗ್ಗ ಕಟ್ಟಿದ್ದ ಗಂಟುಗಳಿದ್ದವು. ಅದನ್ನು ಯಾವ ಕೆಲಸಕ್ಕೂ ಇಳಿಸುತ್ತಿರಲಿಲ್ಲ. ಇದೇನವ್ವಾ ಎಂದರೆ "ನನ್ನ ತೊಟ್ಟಲ" ಎಂದು ನಗುತ್ತಿದ್ದಳು. ಅಮಾವಾಸ್ಯೆಗೆ ಒಂದು ರೊಟ್ಟಿಯನ್ನು ಬಡಗಣ ಗೋಡೆಯ ಕಡೆ ಮುಖ ಮಾಡಿ ಇಡುತ್ತಿದ್ದಳು. ಮಗಳ ಪಾಲಿಗೆ ಬಂದ ವಂಶದ ಕಥೆ ಇಷ್ಟೇ, ಒಂದು ಬುಟ್ಟಿ ಮತ್ತು ಒಂದು ರೊಟ್ಟಿ.

ಹಿರಿಯ ಹತ್ತಿರ ಬಂದ. ಕೆಟ್ಟವನಲ್ಲ ಆತ. ಊರಿನ ಹೆಣಗಳೆಲ್ಲ ಸುಗಮವಾಗಿ ಏಳಬೇಕೆಂದು ಬಯಸುವವನು.

"ಯಾಕ ಕುಂತೀಯವ್ವಾ? ಬರದ ಕಥಿ ಹೇಳು. ನಿಮ್ಮಜ್ಜಿ ಊರಿಗೆ ಅನ್ನ ಹಾಕಿದಳು ಅನ್ನು. ನಾವು ಹೂಂ ಅಂತೀವಿ. ಮಧ್ಯಾಹ್ನದೊಳಗ ಮುಗೀತೈತಿ."

"ನಮ್ಮಜ್ಜಿ ಯಾರಂತ ನನಗ ಗೊತ್ತಿಲ್ರಿ."

"ಯಾರಿಗೆ ಗೊತ್ತೈತಿ?" ಅಂದ ಹಿರಿಯ. ಅದು ಅವನ ಬಾಯಿಂದ ಜಾರಿದ ಮಾತು. ತಕ್ಷಣ ಕೆಮ್ಮಿ ಹಿಂದೆ ಸರಿದ.

ಆ ಮಾತು ಮಗಳ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು. ತಾಯಿಯನ್ನು ಕಳಿಸಬೇಕು, ಸರಿ. ಆದರೆ ಯಾರ ಮಗಳೆಂದು ಕಳಿಸುವುದು? ಅವಳು ತೊಲೆಯಿಂದ ಬುಟ್ಟಿ ಇಳಿಸಿದಳು. ನಾಳೆ ಹೊತ್ತು ಮುಳುಗುವವರೆಗೂ ಸಮಯವಿದೆ ಎಂದಳು. ಬುಟ್ಟಿ ಹಿಡಿದು ಮನೆ ಮನೆ ಹೊಕ್ಕಳು.

ಮೊದಲ ಮನೆಯ ಮುದುಕನ ಮುಂದೆ ಬುಟ್ಟಿ ಇಟ್ಟು "ಇದು ಯಾರದು ಅಜ್ಜಾ?" ಅಂದಳು. ಅವನು ಮುಷ್ಟಿ ಬಿಗಿ ಮಾಡಿದ. "ನಮ್ಮವ್ವ ಊರಿಗೆ ಅನ್ನ ಹಾಕಿದಳು," ಅಂದ. ಎರಡನೆಯ ಮನೆಯವನು ಬುಟ್ಟಿ ನೋಡಿದೊಡನೆ ಕಣ್ಣು ಮುಚ್ಚಿದ, ಮುಷ್ಟಿ ಬಿಗಿ ಮಾಡಿದ, ನಮ್ಮವ್ವ ಊರಿಗೆ ಅನ್ನ ಹಾಕಿದಳು ಅಂದ. ಮುಂದಿನ ಮನೆಯಲ್ಲೂ ಅದೇ, ಅದರಾಚೆಯ ಮನೆಯಲ್ಲೂ ಅದೇ. ಅವಳು ಕೇಳಿದ್ದು ಬುಟ್ಟಿಯ ಕಥೆಯನ್ನು. ಎಲ್ಲರೂ ಕೊಟ್ಟದ್ದು ಅನ್ನದ ಕಥೆಯನ್ನು. ಕೊನೆಗೆ ಅವಳಿಗೇ ಹೊಳೆಯಿತು, ಇವರಿಗೆ ಬುಟ್ಟಿ ಕಂಡರೆ ಅನ್ನ ನೆನಪಾಗುತ್ತದೆ. ಅಂದರೆ ಅನ್ನಕ್ಕೂ ಈ ಬುಟ್ಟಿಗೂ ಏನೋ ಇದೆ.

ಹಾಗೆ ಮನೆ ಮನೆ ದಾಟುತ್ತ ಬಡಗಣ ಗೋಡೆಯ ಬುಡಕ್ಕೆ ಬಂದಳು. ಅಲ್ಲೊಂದು ಬಾಗಿಲು ಇತ್ತು, ಅದನ್ನು ಕಲ್ಲು ಪೇರಿಸಿ ಮುಚ್ಚಿದ್ದರು. ಎಷ್ಟೋ ವರ್ಷಗಳಿಂದ ಹಾಗೆಯೇ ಇದ್ದದ್ದರಿಂದ ಅದು ಬಾಗಿಲೆಂದು ಜನ ಮರೆತಿದ್ದರು. ಪಕ್ಕದ ಗುಡಿಸಲಲ್ಲಿ ಊರಿಗೆಲ್ಲ ಹಿರಿಯಳಾದ ಮುದುಕಿ ಇದ್ದಳು.

ಮಗಳು ಬುಟ್ಟಿಯನ್ನು ಕೆಳಗಿಡಲಿಲ್ಲ. "ಕೈ ಚಾಚು ಆಯಿ, ಹಿಡಕೋ," ಅಂದಳು.

ಮುದುಕಿ ಸೆರಗು ಚಾಚಿದಳು.

"ಸೆರಗ ಬ್ಯಾಡ. ಕೈ ಚಾಚು."

ಮುದುಕಿ ಅವಳ ಮುಖ ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು. ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ. ಹುಟ್ಟುವಾಗ ಎಲ್ಲರೂ ತರುವ ಗೆರೆಗಳನ್ನೆಲ್ಲ ಯಾವುದೋ ಉಜ್ಜಿ ಅಳಿಸಿತ್ತು. ಅಂಗೈಗೆ ಅಡ್ಡವಾಗಿ ಹಗ್ಗದ ದಪ್ಪದ ಒಂದು ಹೊಳೆಯುವ ಕಲೆ ಮಾತ್ರ ಇತ್ತು.

"ನಾನs ಜಗ್ಗಿದ್ದೆ," ಅಂದಳು ಮುದುಕಿ. "ಆ ಬುಟ್ಟಿ ನಾನs ಮ್ಯಾಲ ಜಗ್ಗಿದ್ದೆ. ಒಬ್ಬಾಕಿ ಅಲ್ಲ. ಎಲ್ಲಾರೂ ಹಗ್ಗ ಹಿಡದಿದ್ವಿ."

ಬರ ಬಿದ್ದಾಗ ಊರಿನ ಹೆಂಗಸರು ಕೆಲವರು ಕಾಳು ಹುಡುಕಿಕೊಂಡು ಬಡಗಣ ಬಾಗಿಲಿನಿಂದ ಹೊರಗೆ ಹೋದರಂತೆ. ಎಷ್ಟೋ ದಿನಗಳ ಮೇಲೆ ತಲೆಯ ಮೇಲೆ ಜೋಳದ ಮೂಟೆ ಹೊತ್ತು ವಾಪಸು ಬಂದರಂತೆ. ಅಷ್ಟರಲ್ಲಿ ಹೊರಗಿನ ಸೀಮೆಯಲ್ಲಿ ರೋಗ ಎದ್ದಿದೆಯೆಂಬ ಸುದ್ದಿ ಊರು ಸೇರಿತ್ತು. ಮೊದಲು ಕಾಳು ಕಳಿಸಿರಿ, ನಾಳೆ ಬಾಗಿಲು ತೆಗೆಯುತ್ತೇವೆ ಎಂದು ಗೋಡೆಯ ಮೇಲಿಂದ ಬುಟ್ಟಿ ಇಳಿಬಿಟ್ಟರು. ಕಾಳು ಬಂತು. ಒಂದು ಬುಟ್ಟಿ ಖಾಲಿ ಮಾಡಿದರು, ಮತ್ತೆ ಇಳಿಬಿಟ್ಟರು, ಮತ್ತೆ ಬಂತು. ಕೆಳಗಿದ್ದವರು ತಮಗೆಂದು ಒಂದು ಹಿಡಿಯನ್ನೂ ಇಟ್ಟುಕೊಳ್ಳಲಿಲ್ಲ, ಹೇಗೂ ನಾಳೆ ಒಳಗೆ ಉಣ್ಣುವವರಲ್ಲವೇ.

"ಕಡೀ ಬುಟ್ಟಿ ಹಗುರ ಇತ್ತು," ಅಂದಳು ಮುದುಕಿ. "ಜಗ್ಗೂಮುಂದ ಅನಕೊಂಡ್ವಿ, ಕಾಳ ತೀರಿದ್ವು ಅಂತ. ಮ್ಯಾಲ ಬಂದ ಮ್ಯಾಲ ನೋಡತೀವಿ, ಸೀರಿ ಚೂರಿನಾಗ ಸುತ್ತಿದ ಕೂಸು. ಅದs ನಿಮ್ಮವ್ವ. ನಿಮ್ಮಜ್ಜಿ ಕೆಳಗ ನಿಂತು ಕೂಗಿ ಹೇಳಿದಳು, ನಾಳಿತನಕ ಹಾಲು ಕುಡಸ್ರೆವ್ವಾ ಅಂತ."

"ನಾಳಿ ಏನಾತು ಆಯಿ?"

"ನಾಳಿ ಬಾಗಿಲಿಗೆ ಕಲ್ಲ ಒಟ್ಟಿದ್ವಿ. ಒಳಗ ರೊಟ್ಟಿ ಬಡದ್ವಿ. ಬಡಿಯೂ ಸಪ್ಪಳಕ್ಕ ಹೊರಗಿನ ಸಪ್ಪಳ ಕೇಳಸಂಗಿಲ್ಲ ಅಂತ ಭಾಳ ಹೊತ್ತು ಬಡದ್ವಿ."

ಮಗಳು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಊರಿನ ಸತ್ತವರೆಲ್ಲ ಯಾರ ಕಥೆ ತೊಟ್ಟುಕೊಂಡು ಹಗುರಾಗಿ ಹೋಗಿದ್ದರೆಂದು ಅವಳಿಗೆ ತಿಳಿಯಿತು. ಊರಿಗೆ ಅನ್ನ ಹಾಕಿದವರು ಇದ್ದದ್ದು ನಿಜ. ಅವರು ಗೋಡೆಯಾಚೆ ಇದ್ದರು.

"ನಮ್ಮವ್ವಗ ಇದು ಗೊತ್ತಿತ್ತೇನು?"

"ನಾನs ಹೇಳಿದ್ದೆ. ನೀನು ಹೊಟ್ಟಿಯಾಗಿದ್ದಿ. ಎಲ್ಲಾ ಕೇಳಿದಳು. ಆಮ್ಯಾಲ ಅಂದಳು, ಆಯಿ, ನನ್ನ ಮಗಳು ಇದs ಊರಾಗ ಬಾಳೇ ಮಾಡಬೇಕು, ಆಕಿಗೆ ಹೇಳಬ್ಯಾಡ ಅಂತ."

"ನಾಳಿ ನಾನು ಇದನ್ನ ಹೇಳತೀನಿ. ನೀ ಹೂಂ ಅಂತೀಯೇನು?"

ಮುದುಕಿ ಮತ್ತೆ ಬೆರಳು ಮಡಿಚಿದಳು.

ಮರುದಿನ ಬಿಸಿಲು ಏರುವ ಹೊತ್ತಿಗೆ ಊರು ಮತ್ತೆ ಅಂಗಳದಲ್ಲಿ ನೆರೆಯಿತು. ತಾಯಿಯ ದೇಹಕ್ಕೆ ಇರುವೆ ಹತ್ತಿದ್ದವು. ಮಗಳು ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಳು.

"ನಮ್ಮವ್ವನ್ನ ಹೆತ್ತಾಕಿ ಬಡಗಣ ಬಾಗಿಲಿಂದ ಹೊರಗ ಹೋದಳು," ಅಂದಳು.

ಯಾರೂ ಹೂಂ ಅನ್ನಲಿಲ್ಲ.

"ಜೋಳ ಹೊತಗೊಂಡು ಹೊಳ್ಳಿ ಬಂದಳು. ಬಾಗಿಲ ಮುಚ್ಚಿತ್ತು."

ಕೆಲವರು ಆಕಾಶ ನೋಡಿದರು, ಕೆಲವರು ಮಕ್ಕಳ ಮೂಗು ಒರೆಸಿದರು. ಮುಷ್ಟಿಗಳೆಲ್ಲ ಬಿಗಿಯಾದವು. ಮುದುಕಿ ಗುಂಪಿನ ನಡುವೆ ತಲೆ ತಗ್ಗಿಸಿ ನಿಂತಿದ್ದಳು, ಅವಳೂ ಅನ್ನಲಿಲ್ಲ. ಮಗಳು ಕಾದಳು. ತಾಯಿಯ ದೇಹ ಎಷ್ಟು ಭಾರವಾಯಿತೆಂದರೆ ಅಡಿಯ ಚಾಪೆ ನೆಲಕ್ಕೆ ಒತ್ತಿಕೊಂಡು ಅಚ್ಚು ಮೂಡಿತು.

ಹಿರಿಯ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ. ಅವನ ದನಿಯಲ್ಲಿ ಕರುಣೆಯೇ ಇತ್ತು. ಅದನ್ನು ಸಹಿಸುವುದು ಬೈಗುಳಕ್ಕಿಂತ ಕಷ್ಟ.

"ಮಗಳs, ಸತ್ತವರು ಸತ್ತರು. ನಿಮ್ಮವ್ವನ್ನ ನೋಡು. ಆಕಿನ್ನ ಹಿಂಗ ಇರುವಿ ಬಾಯಿಗೆ ಹಾಕತೀಯೇನು? ಒಂದು ಮಾತು ಬದಲಿ ಮಾಡು, ಅಷ್ಟs. ಬಾಗಿಲ ಮಾತು ಬಿಡು."

ಮಗಳು ತಾಯಿಯ ಮುಖ ನೋಡಿದಳು. ಕಣ್ಣಿನ ಅಂಚಿನ ಇರುವೆಯನ್ನು ಬೆರಳಿನಿಂದ ಸರಿಸಿದಳು, ಮತ್ತೊಂದು ಬಂತು. ಅವಳ ಛಲ ಅಲ್ಲಿಗೆ ಮುರಿಯಿತು. ಅವ್ವ ಹಗುರಾದರೆ ಸಾಕು ಅನಿಸಿತು. ಹಾಗೆ ಅನಿಸಿದ್ದಕ್ಕೆ ಯಾರೂ ಅವಳನ್ನು ದೂರುವಂತಿಲ್ಲ.

"ಬರ ಬಿದ್ದ ವರ್ಷ ನಮ್ಮಜ್ಜಿ ಊರಿಗೆ," ಅಂದಳು.

ಮಾತು ಮುಗಿಯುವ ಮೊದಲೇ ಊರು ಹೂಂ ಅಂದಿತು. ಅಷ್ಟು ದೊಡ್ಡ ಹೂಂ ಆ ಊರಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಹೆಣ ಎದ್ದಿತು. ಹೊರುವವರು ಚಟ್ಟವನ್ನು ಅಡಿಗೆ ಸರಿಸಿ ಮೊಣಕಾಲಿನವರೆಗೆ ಎತ್ತಿದರು, ಸೊಂಟದವರೆಗೆ ಎತ್ತಿದರು. ದೂರದಲ್ಲಿ ಬಡಗಣ ಗೋಡೆ ಧಸಕ್ಕನೆ ಕುಸಿದ ಸದ್ದು ಬಂತು.

ಆ ಸದ್ದಿಗೆ ಮಗಳು ತಿರುಗಿ ನೋಡಿದಳು. ಇಳಿದ ಭಾರ ಇಷ್ಟು ವರ್ಷವೂ ಎಲ್ಲಿಗೆ ಹೋಗಿ ಬೀಳುತ್ತಿತ್ತೆಂದು ಅವಳು ಆಗ ಕಂಡಳು. ಅದು ಗೋಡೆಯಾಚೆ ಬುಡದಲ್ಲಿ ಸತ್ತು ಮಲಗಿದ ಆ ಹೆಂಗಸರ ಮೇಲೆ ಬೀಳುತ್ತಿತ್ತು. ಈಗ ಬಿದ್ದದ್ದು ಅಜ್ಜಿಯ ಮೇಲೆ, ಹಾಕಿದವಳು ಮೊಮ್ಮಗಳು.

"ಊರಿಗೆ ಅನ್ನ ಹಾಕಿದಳು," ಎಂದು ಮಾತು ಮುಗಿಸಿದಳು ಮಗಳು, "ಬಾಗಿಲಾಚೆ ನಿಂತು. ನೀವು ತಿಂದ್ರಿ, ಬಾಗಿಲ ತೆಗೀಲಿಲ್ಲ."

ಭಾರ ಒಮ್ಮೆಲೇ ಮರಳಿತು. ಚಟ್ಟ ಹೊರುವವರ ಕೈ ಕಿತ್ತುಕೊಂಡು ಕೆಳಗೆ ಬಿತ್ತು. ಒಬ್ಬನ ಪಾದ ಅಡಿಗೆ ಸಿಕ್ಕಿ ಜಜ್ಜಿಹೋಯಿತು. ಅವನು ಕೂಗಿಕೊಂಡ. ಉಳಿದವರು ಅಂಗಳ ಬಿಟ್ಟು ಹೋದರು, ಕಲ್ಲು ತರಲು.

ಹೊತ್ತು ಇಳಿಯುವಾಗ ಒಬ್ಬೊಬ್ಬರಾಗಿ ಬಂದರು. ಮನೆಗೊಂದು ಕಲ್ಲು ಹೊಸ್ತಿಲ ಮೇಲೆ ಕೂತಿತು. ಹೊರಗೆ ಬಾ ಎಂದು ಹಿರಿಯ ಮಗಳನ್ನು ಕರೆದ. ಅವಳು ತಾಯಿಯ ಪಕ್ಕದಿಂದ ಏಳಲಿಲ್ಲ. ಬರದಿದ್ದರೆ ಒಳಗೇ ಇರಲಿ ಎಂದರು ಜನ. ಒಳಗಿದ್ದವರ ಮೇಲೆ ಕಲ್ಲಿಟ್ಟರೇನು, ಹೊರಗಿದ್ದವರ ಮೇಲೆ ಇಟ್ಟರೇನು, ಆ ಊರಿನವರಿಗೆ ಕೈ ಪಳಗಿತ್ತು.

ಕಲ್ಲು ಎದೆಯ ಮಟ್ಟಕ್ಕೆ ಬಂದಾಗ ಮುದುಕಿಯ ಸರದಿ ಬಂತು. ಅವಳೂ ತನ್ನ ಮನೆಯ ಪಾಲಿನ ಕಲ್ಲನ್ನು ಸೆರಗಿನಲ್ಲಿ ಎಳೆದು ತಂದಿದ್ದಳು. ಮೇಲಿಡಬೇಕಾದರೆ ಎರಡೂ ಕೈಯಲ್ಲಿ ಹಿಡಿಯಲೇಬೇಕು. ಬೆರಳು ಬಿಚ್ಚಿದಳು. ಗೆರೆಯಿಲ್ಲದ ಅಂಗೈಗಳನ್ನು ಊರೆಲ್ಲ ನೋಡಿತು. ಅವಳು ಆ ಅಂಗೈಗಳನ್ನು ನೋಡಿದಳು, ಕಲ್ಲನ್ನು ನೋಡಿದಳು, ಕಲ್ಲಿನಾಚೆ ಕೂತ ಹುಡುಗಿಯನ್ನು ನೋಡಿದಳು. ಕಲ್ಲನ್ನು ಕಾಲ ಬಳಿ ಹಾಕಿದಳು.

"ಹೂಂ," ಅಂದಳು.

ಒಂದೇ ಹೂಂ. ಗಟ್ಟಿಯಾಗಿಯೂ ಇರಲಿಲ್ಲ. ಬಡಗಣ ಗೋಡೆ ಈ ಸಲ ಕುಸಿಯಲಿಲ್ಲ. ಅಂಗಳ ದಾಟಿ ಬೀದಿಗಿಳಿಯುತ್ತಲೇ ಮುದುಕಿಯ ಮೊಣಕಾಲು ಕುಸಿದವು. ಅವಳು ಬೀದಿಯ ನಡುವೆ ಕೂತಳು, ಆಮೇಲೆ ಒರಗಿದಳು, ಆಮೇಲೆ ಅವಳ ಅಡಿಯ ನೆಲ ತಗ್ಗಾಯಿತು. ಇಳಿದ ಭಾರವನ್ನು ಆ ಊರಿನಲ್ಲಿ ಮೊದಲ ಬಾರಿಗೆ ಹೂಂ ಅಂದವರೇ ಹೊತ್ತರು. ಜನ ಅದನ್ನು ಕಂಡರು, ಅದಕ್ಕೇ ಹೆದರಿ ಓಡಿದರು.

ಒಳಗೆ ತಾಯಿ ಹಗುರಾಗಿದ್ದಳು. ಎಷ್ಟು ಹಗುರೆಂದರೆ ಮಗಳು ಎತ್ತಿಕೊಂಡಾಗ ದೇಹ ಕುಗ್ಗಿ, ಮಡಿಚಿ, ಆ ಹಳೆಯ ಬುಟ್ಟಿಯಲ್ಲಿ ಹಿಡಿಯಿತು. ಮಗಳು ತನ್ನ ಸೀರೆಯ ಸೆರಗು ಹರಿದು ಸುತ್ತಿದಳು. ಎದೆಮಟ್ಟದ ಕಲ್ಲು ದಾಟಿದಳು. ಓಣಿಯ ಬಾಗಿಲುಗಳು ಅವಳು ಬಂದಂತೆಲ್ಲ ಮುಚ್ಚಿಕೊಂಡವು.

ಕುಸಿದು ಕುಸಿದು ಗಿಡ್ಡಾಗಿದ್ದ ಬಡಗಣ ಗೋಡೆಯನ್ನು ಹತ್ತುವುದು ಕಷ್ಟವಾಗಲಿಲ್ಲ. ಆಚೆ ಬದಿ ಮಾತ್ರ ಆಳವಿತ್ತು. ಸಂಜೆಯ ಬೆಳಕಿನಲ್ಲಿ ಕೆಳಗೆ ಒಡೆದ ಬಳೆಗಳು ಅಲ್ಲಲ್ಲಿ ಮಿನುಗುತ್ತಿದ್ದವು. ಅವಳು ಗಂಟುಗಳಿಗೆ ಮನೆಯಿಂದ ತಂದ ಹಗ್ಗ ಕಟ್ಟಿ ಬುಟ್ಟಿಯನ್ನು ಇಳಿಬಿಟ್ಟಳು.

"ತಗೋ ಆಯಿ," ಅಂದಳು ಕೆಳಗೆ ಮಲಗಿದ್ದ ಅಜ್ಜಿಗೆ. "ನಿನ್ನ ಕೂಸು. ನಾಳಿ ಅಂದಿದ್ರು, ತಡಾ ಆತು."

ಅರ್ಧಕ್ಕೆ ಬಂದಾಗ ಬುಟ್ಟಿ ಭಾರವಾಯಿತು. ಕೆಳಗಿನಿಂದ ಯಾರೋ ಆಸೆಯಿಂದ ಜಗ್ಗಿದಂತೆ ಹಗ್ಗ ಅವಳ ಅಂಗೈಗಳ ನಡುವೆ ಸರಸರ ಓಡಿತು. ಅವಳು ಬಿಡಲಿಲ್ಲ. ಹಗ್ಗ ಸಡಿಲಾದ ಮೇಲೆ ಕೈ ಬಿಚ್ಚಿ ನೋಡಿಕೊಂಡಳು. ಗೆರೆಗಳು ಹೋಗಿದ್ದವು.

ಮುಷ್ಟಿ ಕಟ್ಟಲಿಲ್ಲ ಅವಳು. ಕೈ ತೆರೆದುಕೊಂಡೇ ಊರೊಳಗೆ ಬಂದಳು. ಬೀದಿಯ ನಡುವೆ ಮುದುಕಿ ಸತ್ತು ಬಿದ್ದಿದ್ದಳು. ಅವಳಿಗೆ ಮಕ್ಕಳಿರಲಿಲ್ಲ, ಹೊರುವವರು ಬಂದಿರಲಿಲ್ಲ. ಮನೆಯೊಳಗೆ ಸತ್ತಿದ್ದರೆ ಬಾಗಿಲು ಮುಚ್ಚಬಹುದಿತ್ತು. ಬೀದಿಗೆ ಹೇಗೆ ಬಾಗಿಲು ಮುಚ್ಚುವುದೆಂದು ಊರಿಗೆ ತಿಳಿಯಲಿಲ್ಲ.

ಮುದುಕಿ ಈಗಲೂ ಅಲ್ಲೇ ಇದ್ದಾಳೆ. ಬಂಡಿಗಳು ಅವಳನ್ನು ಬಳಸಿಕೊಂಡು ಹೋಗುತ್ತವೆ. ಹೋಗುವವರು ಮೂಗು ಮುಚ್ಚಿಕೊಳ್ಳುತ್ತಾರೆ, ಹಿರಿಯ ಬೇರೆ ದಾರಿ ಹಿಡಿಯುತ್ತಾನೆ. ದಿನವೂ ದೀಪ ಹಚ್ಚುವ ಹೊತ್ತಿಗೆ ಮಗಳು ಬಂದು ತಲೆಯ ಬಳಿ ಕೂತು, ಹರಕು ಚಾಪೆಯಿಂದ ಇರುವೆ ಸರಿಸುತ್ತಾಳೆ. ತನ್ನ ಅಜ್ಜಿಗೆ ಬಾಗಿಲು ತೆಗೆಯದವಳ ಕಥೆಯನ್ನು ಮೊದಲಿನಿಂದ ಸುರು ಮಾಡುತ್ತಾಳೆ.

"ಈಕಿ ಹಗ್ಗ ಜಗ್ಗಿದಳು," ಅನ್ನುತ್ತಾಳೆ. ನಿಲ್ಲಿಸಿ ಕಾಯುತ್ತಾಳೆ.

"ಈಕಿ ಕಲ್ಲ ಒಟ್ಟಿದಳು. ಕಡೀಕ ಒಂದು ಕಲ್ಲ ಕೆಳಗ ಹಾಕಿದಳು." ಮತ್ತೆ ಕಾಯುತ್ತಾಳೆ.

ಓಣಿಯ ಮನೆಗಳಲ್ಲಿ ಆ ಹೊತ್ತಿಗೆ ಜೋರಾಗಿ ರೊಟ್ಟಿ ಬಡಿಯುತ್ತಾರೆ. ಆದರೂ ಬಡಿತ ಮತ್ತು ಬಡಿತದ ನಡುವೆ ಒಂದು ಸಂದು ಇರುತ್ತದೆ. ಅಂಥ ಸಂದಿನಲ್ಲಿ ಒಂದು ಸಂಜೆ ಆ ಮಾತು ಒಂದು ಮನೆಯ ಕಿಟಕಿಯೊಳಗೆ ಹೋಯಿತು. ಅಲ್ಲಿ ಚಾಪೆ ಹೆಣೆಯುವವಳ ಚಾಪೆಯ ಮೇಲೆ ನಿದ್ದೆ ಹತ್ತುತ್ತಿದ್ದ ಒಂದು ಮಗು ಇತ್ತು. ಕಥೆ ಯಾರದೆಂದು ಅದಕ್ಕೆ ಗೊತ್ತಿರಲಿಲ್ಲ. ಕಥೆ ಕೇಳಿದರೆ ಏನನ್ನಬೇಕೆಂದು ಮಾತ್ರ ಗೊತ್ತಿತ್ತು. ಅದು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆಯಿತು.

ಮಗುವಿನ ತಾಯಿ ರೊಟ್ಟಿ ಬಿಟ್ಟು ಎದ್ದು ಬಂದು ಹಿಟ್ಟಿನ ಕೈಯಿಂದಲೇ ಅದರ ಬಾಯಿ ಮುಚ್ಚಿದಳು.